ಸಂಗ್ರಹ ಮತ್ತು ದಾಖಲೆ: ಪಶ್ಚಿಮ ಬೆಂಗಳೂರಿನ ಸಿಹಿನೀರು ಸೀಗಡಿಯ ಚರಿತ್ರೆಗೆ ಒಂದು ಪೀಠಿಕೆ

1

ಕೆರೆ ಹೊಳೆಗಳ ಸಣ್ಣ ಸೀಗಡಿಯನ್ನು ಹಿಡಿದು ತಂದು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವು ಚರಿತ್ರೆಯ ಅಧ್ಯಯನಕ್ಕೆ ವಿಷಯವಾಗಬಲ್ಲುದೇ ಎಂಬ ಸಂದೇಹ ಓದುಗರಿಗೆ ಉಂಟಾದರೆ ಆಶ್ಚರ್ಯವಿಲ್ಲ. ಅರಸರ ವಂಶಾವಳಿ, ಯುದ್ಧ, ದತ್ತಿ, ಒಡಂಬಡಿಕೆ ಇವುಗಳ ಪಕ್ಕದಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ ಈ ಜಲಜಂತುವಿಗೆ ಸ್ಥಾನವೆಲ್ಲಿ ಎಂದು ಕೇಳಬಹುದು. ಆದರೆ ಊರೊಂದರ ಚರಿತ್ರೆಯಲ್ಲಿ ಅದರ ನೀರಿನ ಚರಿತ್ರೆಯೂ ಸೇರಿದೆ ಎಂಬುದನ್ನು ಒಪ್ಪಿದ ಮೇಲೆ, ಆ ನೀರಿನಲ್ಲಿ ಏನು ಬದುಕಿತ್ತು, ಯಾವಾಗಿನಿಂದ ಬದುಕದಾಯಿತು ಎಂಬ ಪ್ರಶ್ನೆಯನ್ನು ಬದಿಗಿಡಲು ಬರುವುದಿಲ್ಲ. ಸೀಗಡಿ ಅಂತಹ ಪ್ರಶ್ನೆಗೆ ಸಾಕ್ಷಿ ಹೇಳಬಲ್ಲ ಜೀವಿ. ಅದು ಕಿವಿರುಗಳಿಂದ ಉಸಿರಾಡುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾದರೆ, ಅಮೋನಿಯಾ ಹೆಚ್ಚಿದರೆ, ತಾಮ್ರದಂತಹ ಲೋಹದ ಅಂಶ ಅತ್ಯಲ್ಪ ಪ್ರಮಾಣದಲ್ಲಿ ಬೆರೆತರೂ ಮೀನುಗಳಿಗಿಂತ ಮೊದಲೇ ಸಾಯುವುದುಂಟು.

ಪ್ರಕೃತ ಲೇಖನದ ಪ್ರತಿಪಾದನೆ ಇಷ್ಟೇ. ಸ್ಥಳ ಮತ್ತು ಕಾಲವನ್ನು ಬರೆದಿಟ್ಟ ಸಂಗ್ರಹವು ಚರಿತ್ರೆಗೆ ಆಕರವಾಗುತ್ತದೆ. ಬರೆಯದ ಸಂಗ್ರಹವು ಕೇವಲ ವಿನೋದವಾಗಿ, ವಿನೋದ ಮುಗಿದೊಡನೆ ಇಲ್ಲವಾಗುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಮಾತನ್ನು ವಿಶದಪಡಿಸಲು ಇಲ್ಲಿ ಯತ್ನಿಸಲಾಗಿದೆ.

ಮೊದಲು ಹೆಸರಿನ ವಿಚಾರ. ಹಳೆಯ ಮೈಸೂರಿನ ಪ್ರಾಂತದಲ್ಲಿ ಸೀಗಡಿ ಅಥವಾ ಸಿಗಡಿ ಎಂಬ ಮಾತು ಬಳಕೆಯಲ್ಲಿದೆ. ಕರಾವಳಿಯ ಕನ್ನಡದಲ್ಲಿ ಚಟ್ಲಿ ಎನ್ನುತ್ತಾರೆ. ತುಳುವಿನಲ್ಲಿ ಎಟ್ಟಿ ಎಂದು ಹೆಸರು. ಬಯಲುಸೀಮೆಯ ಸಂತೆಗಳಲ್ಲಿ ಒಣ ಸೀಗಡಿಯನ್ನು ಸೇರಿನ ಲೆಕ್ಕದಲ್ಲಿ ಅಳೆದು ಮಾರುತ್ತಿದ್ದುದನ್ನೂ, ಅದನ್ನು ಬದನೆಕಾಯಿಯೊಡನೆ ಗೊಜ್ಜು ಮಾಡುವ ಅಡುಗೆಯನ್ನೂ ಹಿರಿಯರು ಬಲ್ಲರು. ಆದರೆ ಜನಬಳಕೆಯ ಈ ಒಂದೇ ಹೆಸರಿನ ಕೆಳಗೆ ನಮ್ಮ ಸಿಹಿನೀರಿನ ಎರಡು ಬೇರೆ ಬೇರೆ ಕುಟುಂಬಗಳು ಅಡಗಿವೆ. ಒಂದು ಆಟಿಯಿಡೇ ಕುಟುಂಬ; ಇದರ ಮುಖ್ಯ ಕುಲ ಕ್ಯಾರಿಡಿನಾ. ಇವು ಚಿಕ್ಕವು, ಬಹುಮಟ್ಟಿಗೆ ಪಾರದರ್ಶಕವಾದವು. ಮುಂದಿನ ಎರಡು ಜೊತೆ ಕಾಲುಗಳ ತುದಿಯ ಇಕ್ಕುಳಗಳಲ್ಲಿ ಕುಂಚದಂತೆ ರೋಮದ ಗೊಂಚಲಿದ್ದು, ಅವುಗಳಿಂದ ಎಲೆ, ಕಲ್ಲು, ಬೇರುಗಳ ಮೇಲಿನ ಲೋಳೆಯನ್ನೂ ಪಾಚಿಯನ್ನೂ ಗುಡಿಸಿ ತಿನ್ನುತ್ತವೆ. ಇನ್ನೊಂದು ಪಾಲಿಮೋನಿಡೇ ಕುಟುಂಬ. ಇದರ ಕುಲ ಮ್ಯಾಕ್ರೋಬ್ರಾಕಿಯಂ. ಇವುಗಳಿಗೆ ಎರಡನೆಯ ಜೊತೆ ಕಾಲು ಉದ್ದವಾಗಿ, ಬಲವಾದ ಇಕ್ಕುಳವುಳ್ಳದ್ದಾಗಿರುತ್ತದೆ. ದೊಡ್ಡ ಜಾತಿಗಳು ಸಣ್ಣ ಮೀನನ್ನೂ ಹಿಡಿದು ತಿನ್ನಬಲ್ಲವು. ಮನೆಯ ತೊಟ್ಟಿಗೆ ತಂದ ಸೀಗಡಿ ಯಾವ ಕುಟುಂಬದ್ದು ಎಂದು ಅರಿಯದೆ ಮೀನುಗಳೊಡನೆ ಬಿಟ್ಟವರು ಬೆಳಿಗ್ಗೆ ಎದ್ದು ಮೀನನ್ನು ಹುಡುಕಿದ ಸಂದರ್ಭಗಳು ಅಪರೂಪವಲ್ಲ.

2

ಜಲಚರಗಳನ್ನು ಆಹಾರಕ್ಕಾಗಿ ಮಾತ್ರವಲ್ಲದೆ ಸಂತೋಷಕ್ಕಾಗಿಯೂ ಗಮನಿಸುವ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಪ್ರಕರಣವಿದೆ. ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದೂ ವಿಂಗಡಿಸಿ, ಅವುಗಳಿಗೆ ಕೊಡತಕ್ಕ ಆಹಾರವನ್ನೂ ಗಾಳ ಹಾಕುವ ಕ್ರಮವನ್ನೂ ಅಲ್ಲಿ ವಿವರಿಸಿದೆ. ಭಾರತೀಯ ಪ್ರಾಣಿಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿ, ಆಧುನಿಕ ಮತ್ಸ್ಯಶಾಸ್ತ್ರದ ದೃಷ್ಟಿಯಿಂದ ಅದರ ಬೆಲೆಯನ್ನು ತೋರಿಸಿಕೊಟ್ಟರು. ಇಲ್ಲಿ ನಮಗೆ ಮುಖ್ಯವಾದದ್ದು ಒಂದು ಅಂಶ. ಅರಸನ ವಿನೋದವು ಬರಹಕ್ಕೆ ಇಳಿದುದರಿಂದಲೇ ಎಂಟು ಶತಮಾನಗಳ ಬಳಿಕ ಅದು ಶಾಸ್ತ್ರಕ್ಕೆ ಒದಗಿಬಂತು.

ಗಾಜಿನ ಪಾತ್ರೆಯಲ್ಲಿ ಜಲಚರಗಳನ್ನು ಇಟ್ಟು ನೋಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ್ದು. ಫ್ರಾನ್ಸಿನ ಜೀನ್ ವಿಲ್‌ಪ್ರೇ ಪವರ್ ಎಂಬ ಮಹಿಳೆ 1830ರ ದಶಕದ ಆದಿಯಲ್ಲಿ ಸಿಸಿಲಿಯ ತೀರದಲ್ಲಿ ಸಮುದ್ರಜೀವಿಗಳ ಅಧ್ಯಯನಕ್ಕಾಗಿ ಗಾಜಿನ ತೊಟ್ಟಿಗಳನ್ನು ಮಾಡಿಸಿದಳು. ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಗ್ರಂಥದಿಂದ ಅಕ್ವೇರಿಯಂ ಎಂಬ ಮಾತೂ, ಅದನ್ನು ಮನೆಯಲ್ಲಿಡುವ ಹುಚ್ಚೂ ಇಂಗ್ಲೆಂಡಿನಲ್ಲಿ ಹರಡಿದವು. ಭಾರತದಲ್ಲಿ ಮದರಾಸಿನ ಕಡಲತೀರದ ಮತ್ಸ್ಯಾಲಯ 1909ರಲ್ಲಿಯೂ, ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯ 1951ರಲ್ಲಿಯೂ, ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲಿಯೂ ಸಾರ್ವಜನಿಕರಿಗೆ ತೆರೆದವು. ಗಾಸ್‌ನ ಕಾಲದ ಹವ್ಯಾಸಿಗಳು ಕಡಲತೀರದ ಬಂಡೆಗಳ ಸಂದುಗಳಿಂದ ಜೀವಿಗಳನ್ನು ಕಿತ್ತು ತಂದು ಎಷ್ಟೋ ತೀರಗಳನ್ನು ಬರಿದುಮಾಡಿದರೆಂದು ಅವನ ಮಗ ಎಡ್ಮಂಡ್ ಗಾಸ್ ಮುಂದೆ ವಿಷಾದದಿಂದ ಬರೆದನು. ಹವ್ಯಾಸದ ಚರಿತ್ರೆಯಲ್ಲಿ ಜ್ಞಾನದ ಲಾಭವೂ ಜೀವಿಗಳ ನಷ್ಟವೂ ಮೊದಲಿನಿಂದ ಜೊತೆಯಾಗಿಯೇ ಬಂದಿವೆ ಎಂಬುದನ್ನು ನಾವು ಮರೆಯಲಾಗದು.

3

ದಕ್ಷಿಣ ಭಾರತದ ಸಿಹಿನೀರು ಸೀಗಡಿಗಳ ಶಾಸ್ತ್ರೀಯ ಅಧ್ಯಯನ ಸಂಗ್ರಹಕಾರರ ಚೀಟಿಗಳ ಮೇಲೆ ನಿಂತಿದೆ. ಮದರಾಸಿನಲ್ಲಿ ಪ್ರಾಣಿಶಾಸ್ತ್ರಜ್ಞನಾಗಿದ್ದ ಜೆ. ಆರ್. ಹೆಂಡರ್ಸನ್ 1893ರಲ್ಲಿ ಭಾರತದ ಕಠಿಣಚರ್ಮಿಗಳನ್ನು ಕುರಿತು ಲಂಡನ್ನಿನ ಲಿನೇಯನ್ ಸೊಸೈಟಿಯ ಮೂಲಕ ವಿಸ್ತಾರವಾದ ಪ್ರಬಂಧ ಪ್ರಕಟಿಸಿದನು. ಅವನೂ ಜಾರ್ಜ್ ಮತ್ತಾಯಿ ಎಂಬ ಭಾರತೀಯ ವಿದ್ವಾಂಸರೂ ಕೂಡಿ 1910ರಲ್ಲಿ ದಕ್ಷಿಣ ಭಾರತದ ದೊಡ್ಡ ಸೀಗಡಿಗಳ ಕೆಲವು ಜಾತಿಗಳನ್ನು ವಿವರಿಸಿದರು. ಇಂದು ಮ್ಯಾಕ್ರೋಬ್ರಾಕಿಯಂ ನೊಬಿಲಿಯೈ ಎಂದು ಕರೆಯಲ್ಪಡುವ ಕಾವೇರಿಯ ಸೀಗಡಿಗೆ ಶಾಸ್ತ್ರದಲ್ಲಿ ಹೆಸರು ದೊರೆತದ್ದು ಆ ಪ್ರಬಂಧದಲ್ಲಿಯೇ. 1916ರಲ್ಲಿ ಭಾರತೀಯ ಪ್ರಾಣಿಸರ್ವೇಕ್ಷಣ ಇಲಾಖೆ ನೆಲ್ಸನ್ ಅನಂಡೇಲ್ ಅವರ ನಿರ್ದೇಶನದಲ್ಲಿ ಸ್ಥಾಪಿತವಾದ ಮೇಲೆ, ಸ್ಟ್ಯಾನ್ಲಿ ಕೆಂಪ್ ಎಂಬಾತನು ಕಲ್ಕತ್ತೆಯ ಸಂಗ್ರಹಾಲಯದ ಸೀಗಡಿಗಳನ್ನು ಕುರಿತು ಸರಣಿ ಟಿಪ್ಪಣಿಗಳನ್ನು ಬರೆದನು.

ಪ್ಯಾರಿಸಿನ ಯೂಜೀನ್ ಲೂಯಿ ಬೂವಿಯೇ ಎಂಬ ವಿದ್ವಾಂಸನ ಕಾರ್ಯ ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ. 1914ರಲ್ಲಿ ಭಾರತದಲ್ಲಿ ಸಂಚರಿಸಿದ ಗೀ ಬಾಬೋ ಎಂಬ ಫ್ರೆಂಚ್ ಪ್ರವಾಸಿ ಒಯ್ದ ಸೀಗಡಿಗಳನ್ನು ಪರಿಶೀಲಿಸಿ, 1918ರಲ್ಲಿ ಅವುಗಳಲ್ಲೊಂದಕ್ಕೆ ಅವನು ಕ್ಯಾರಿಡಿನಾ ಬಾಬೋಲ್ಟಿ ಎಂದು ಸಂಗ್ರಹಕಾರನ ಹೆಸರನ್ನೇ ಇಟ್ಟನು. ಅದಕ್ಕೂ ಮೊದಲು, 1904ರಲ್ಲಿ, ಚೀನಾದ ಒಂದು ಸಣ್ಣ ಸೀಗಡಿಗೆ ಅರ್ಮಾಂ ಡೇವಿಡ್ ಎಂಬ ಪಾದ್ರಿಯ ಸ್ಮರಣಾರ್ಥ ಡೇವಿಡೈ ಎಂಬ ಹೆಸರನ್ನು ಕೊಟ್ಟಿದ್ದನು. ಮುಂದೆ ತೈವಾನಿನಲ್ಲಿ ಇದೇ ಜಾತಿಯಿಂದ ಆರಿಸಿ ಬೆಳೆಸಿದ ಕೆಂಪು ತಳಿ ಚೆರ್ರಿ ಸೀಗಡಿ ಎಂಬ ವ್ಯಾಪಾರದ ಹೆಸರಿನಿಂದ ಜಗತ್ತಿನ ಮನೆಮನೆಯ ತೊಟ್ಟಿಗಳನ್ನು ಸೇರಿತು. ಭಾರತದ ಬಾಬೋಲ್ಟಿಯೂ ಅದೇ ವ್ಯಾಪಾರದಲ್ಲಿ ವಿದೇಶಗಳಿಗೆ ಹೋಗುತ್ತದೆ. ಎರಡು ದೇಶಗಳ ಎರಡು ಸೀಗಡಿಗಳು ಒಬ್ಬನೇ ವಿದ್ವಾಂಸನ ಮೇಜಿನ ಮೇಲೆ ಹೆಸರು ಪಡೆದು, ನೂರು ವರ್ಷಗಳ ತರುವಾಯ ಒಂದೇ ಅಂಗಡಿಯ ಸಾಲಿನಲ್ಲಿ ಮಾರಾಟಕ್ಕೆ ನಿಲ್ಲುವಂತಾಯಿತು.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರ ಹೆಸರು ಮೊದಲು ನೆನಪಾಗಬೇಕು. 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು ಅವರೇ. ಮೈಸೂರು ಸಂಸ್ಥಾನದ ಮೀನುಗಳನ್ನೂ ಕಪ್ಪೆಗಳನ್ನೂ ಅವರು ಸಂಗ್ರಹಿಸಿ ವಿವರಿಸಿದರು. 1937ರಲ್ಲಿ ಅವರು ಹೆಸರಿಸಿದ ಕಪ್ಪೆಗಳ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಆದರೂ ಅವರ ಶ್ರಮ ವ್ಯರ್ಥವಾಗಲಿಲ್ಲ. ಏಕೆಂದರೆ ಯಾವ ಕಪ್ಪೆಯನ್ನು ಎಲ್ಲಿಂದ ತಂದರೆಂಬುದನ್ನು ಅವರು ಬರೆದಿದ್ದರು. ಒಂದು ಕಪ್ಪೆಯ ಹೆಸರಿನಲ್ಲಿಯೇ ಕೊಟ್ಟಿಗೆಹಾರ ಎಂಬ ಊರು ಸೇರಿಕೊಂಡಿದೆ. ಅವರು ವಿವರಿಸಿದ ಮೈಕ್ರಿಕ್ಸೇಲಸ್ ಎಲೆಗನ್ಸ್ ಎಂಬ ತೊರೆಗಪ್ಪೆ ಏಳು ದಶಕಗಳಿಗೂ ಹೆಚ್ಚು ಕಾಲ ಕಣ್ಮರೆಯಾಗಿದ್ದು, ಮತ್ತೆ ಪತ್ತೆಯಾದ ವಾರ್ತೆ 2011ರಲ್ಲಿ ಪ್ರಕಟವಾಯಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಅವರ ಹೆಸರನ್ನೇ ಇಡಲಾಯಿತು. ಮಾದರಿ ನಾಶವಾದರೂ ಸ್ಥಳದ ಹೆಸರು ಉಳಿದರೆ ಮುಂದಿನವರು ಅಲ್ಲಿಗೆ ಮರಳಿ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಅನುಭವವನ್ನೂ ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ಈ ಲೇಖಕನು ಕಾಲೇಜೊಂದರ ವಸ್ತುಸಂಗ್ರಹದ ಕಪಾಟಿನಲ್ಲಿ ಒಂದು ಸೀಸೆಯನ್ನು ಕಂಡನು. ಮದ್ಯಸಾರ ಅರ್ಧಕ್ಕೆ ಇಳಿದಿತ್ತು. ತಳದಲ್ಲಿ ಹತ್ತು ಹನ್ನೆರಡು ಸಣ್ಣ ಸೀಗಡಿಗಳು ಬಿಳಿಚಿಕೊಂಡು ಬಿದ್ದಿದ್ದವು. ಹಳದಿಯಾದ ಚೀಟಿಯ ಮೇಲೆ ದುಂಡಗಿನ ಅಕ್ಷರಗಳಲ್ಲಿ ಸೀಗಡಿ, ಬೆಂಗಳೂರು ಎಂದು ಮಾತ್ರ ಬರೆದಿತ್ತು. ಯಾವ ಕೆರೆ, ಯಾವ ವರ್ಷ, ಹಿಡಿದವರು ಯಾರು ಎಂಬುದಿಲ್ಲ. ಅವುಗಳ ಮೂತಿಮುಳ್ಳಿನ ಹಲ್ಲುಗಳನ್ನು ಎಣಿಸಿ ಕುಲವನ್ನು ನಿರ್ಣಯಿಸಬಹುದಾಗಿತ್ತು. ಆದರೆ ಅವು ಬದುಕಿದ್ದ ನೀರನ್ನು ಗುರುತಿಸುವ ದಾರಿ ಮುಚ್ಚಿಹೋಗಿತ್ತು. ಆ ಅಜ್ಞಾತ ಸಂಗ್ರಹಕಾರನನ್ನು ದೂಷಿಸುವ ಅಧಿಕಾರ ಈ ಲೇಖಕನಿಗಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಕೆಂಗೇರಿಯ ಆಚೆಯ ಕೆರೆಯೊಂದರ ತೂಬಿನ ಬಳಿ ಪಂಚೆಯ ಅಂಚನ್ನೇ ಬಲೆಮಾಡಿ ಹಿಡಿದ ಸೀಗಡಿಗಳನ್ನು ಎರಡು ತಿಂಗಳು ಸಾಕಿ, ದಿನಾಂಕವನ್ನಾಗಲಿ ಸಂಖ್ಯೆಯನ್ನಾಗಲಿ ಎಲ್ಲಿಯೂ ಬರೆಯದೆ ಹೋದವನು ತಾನೇ.

ಶಾಸನಶಾಸ್ತ್ರದ ಪರಿಚಯವುಳ್ಳವರಿಗೆ ಈ ನಷ್ಟದ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಸಂಪುಟದ ಬೆಲೆ ಶಾಸನಗಳ ಪಾಠದಲ್ಲಿ ಎಷ್ಟಿದೆಯೋ, ಯಾವ ಕಲ್ಲು ಯಾವ ಊರಿನ ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ನಿಂತಿದೆ ಎಂಬ ಸೂಚನೆಯಲ್ಲಿಯೂ ಅಷ್ಟೇ ಇದೆ. ತನ್ನ ಸ್ಥಳದಿಂದ ಕಿತ್ತುಹೋದ ಶಾಸನ ತನ್ನ ಅರ್ಥದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಸೀಸೆಯಲ್ಲಿನ ಸೀಗಡಿಗೂ ಇದೇ ನ್ಯಾಯ.

4

ಇನ್ನು ಪಶ್ಚಿಮ ಬೆಂಗಳೂರಿನ ನೀರಿನ ಸ್ಥಿತಿಯನ್ನು ಅವಲೋಕಿಸೋಣ. ಬೆಂಗಳೂರು ಒಂದು ಎತ್ತರದ ದಿಣ್ಣೆಯ ಮೇಲೆ ಕುಳಿತ ನಗರ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೂ, ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ, ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾಯ್ದು ಬೈರಮಂಗಲದ ಜಲಾಶಯವನ್ನು ಸೇರಿ, ಮುಂದೆ ಅರ್ಕಾವತಿಯಲ್ಲಿ ಬೆರೆಯುತ್ತದೆ. ಈ ಕಣಿವೆಯ ತುಂಬ ಕೆರೆಗಳಿದ್ದವು. ಮೇಲಿನ ಕೆರೆಯ ಕೋಡಿ ಹರಿದು ಕಾಲುವೆಯಾಗಿ ಕೆಳಗಿನ ಕೆರೆಯನ್ನು ತುಂಬುವ ಸರಪಣಿ ಏರ್ಪಾಡು ಇಲ್ಲಿಯ ನೀರಾವರಿಯ ಜೀವಾಳ. ಸೀಗಡಿಗೂ ಅದೇ ಜೀವಾಳ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತೂಬಿನ ಗುಂಡಿಯಲ್ಲಿ ಉಳಿದ ಕೆಲವು ಸೀಗಡಿಗಳು ಮಳೆ ಬಂದೊಡನೆ ಮತ್ತೆ ಹೆಚ್ಚುತ್ತವೆ. ಒಂದು ಕೆರೆಯಲ್ಲಿ ಸಂತತಿ ಅಳಿದರೂ ಕೋಡಿಯ ನೀರು ಮೇಲಿನ ಕೆರೆಯಿಂದ ಹೊಸ ಸಂತತಿಯನ್ನು ತರುತ್ತದೆ. ಸರಪಣಿಯ ಒಂದು ಕೊಂಡಿ ಮುರಿದರೆ ಈ ಮರುಹುಟ್ಟು ನಿಲ್ಲುತ್ತದೆ.

ಮುರಿದದ್ದು ಒಂದು ಕೊಂಡಿಯಲ್ಲ. 1894ರಲ್ಲಿ ಅರ್ಕಾವತಿಯ ಹೆಸರಘಟ್ಟ ಜಲಾಶಯದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದಲೂ ಬೆಂಗಳೂರಿಗೆ ಕೊಳಾಯಿ ನೀರಿನ ಯೋಜನೆಗಳು ಬಂದ ಮೇಲೆ, ಊರೊಳಗಿನ ಕೆರೆಯ ನೀರು ಕುಡಿಯಲು ಬೇಕಾಗದ ನೀರಾಯಿತು. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯು ಬಡಾವಣೆಗಳನ್ನು ರಚಿಸತೊಡಗಿತು. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿ ಅವರು ಅಡಿಗಲ್ಲನ್ನಿಟ್ಟ ಕೈಗಾರಿಕಾ ಉಪನಗರವೇ ಅವರ ಹೆಸರಿನ ರಾಜಾಜಿನಗರ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಕುರುಬರಹಳ್ಳಿ, ಅಗ್ರಹಾರ ದಾಸರಹಳ್ಳಿ ಮೊದಲಾದ ಹಳ್ಳಿಗಳು ಒಂದೊಂದಾಗಿ ನಗರದೊಳಗೆ ಸೇರಿದವು. ನಗರದ ಅಳಿದ ಕೆರೆಗಳನ್ನು ಕುರಿತು ಪ್ರಕಟವಾಗಿರುವ ಪಟ್ಟಿಗಳಲ್ಲಿ ಕೇತಮಾರನಹಳ್ಳಿಯ ಕೆರೆ ಮಹಾಲಕ್ಷ್ಮಿಪುರದ ವಸತಿಯಾಗಿಯೂ, ಒಡ್ಡರಪಾಳ್ಯದ ಕೆರೆ ರಾಜಾಜಿನಗರದ ಕೈಗಾರಿಕಾ ಪ್ರದೇಶವಾಗಿಯೂ, ಅಗಸನ ಕೆರೆ ಗಾಯತ್ರಿದೇವಿ ಉದ್ಯಾನವಾಗಿಯೂ, ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಗಿಯೂ ಪರಿವರ್ತಿತವಾದುದನ್ನು ಕಾಣಬಹುದು. ಉಳಿದ ಕೆರೆಗಳನ್ನು ಕಾಪಾಡುವ ಮಾರ್ಗವನ್ನು ಸೂಚಿಸಲು ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾದದ್ದು 1985ರಲ್ಲಿ. ಆ ವೇಳೆಗೆ ಮೇಲೆ ಹೇಳಿದ ನೆಲದ ಮೇಲೆ ಒಂದು ತಲೆಮಾರು ಹುಟ್ಟಿ ಬೆಳೆದಾಗಿತ್ತು.

ಇದನ್ನು ಹೇಳುವಾಗ ಬಡಾವಣೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಾರ್ಖಾನೆಗಳಲ್ಲಿ ದುಡಿಯುವ ಸಾವಿರಾರು ಸಂಸಾರಗಳಿಗೆ ಸೂರು ಬೇಕಾಗಿತ್ತು. ನಮ್ಮ ಕಾಳಜಿ ದಾಖಲೆಯದು. ಕೆರೆಯ ವಿಸ್ತೀರ್ಣ, ಅಚ್ಚುಕಟ್ಟು, ಕಂದಾಯ ಇವು ಸರ್ಕಾರದ ಕಡತಕ್ಕೆ ಹತ್ತಿದವು, ಏಕೆಂದರೆ ಅವುಗಳಿಂದ ಆದಾಯವಿತ್ತು. ಬೊಗಸೆ ನೀರಿನಲ್ಲಿ ಹಿಡಿಯಬಹುದಾದ ಜೀವಿಯಿಂದ ಬೊಕ್ಕಸಕ್ಕೆ ಏನೂ ಬರುತ್ತಿರಲಿಲ್ಲ. ಅದನ್ನು ಬಲ್ಲವರು ತೂಬು ಕಾಯುವ ನೀರುಗಂಟಿ, ಕೂಳಿ ಇಡುವ ಬೆಸ್ತ, ಏರಿಯ ಮೇಲೆ ದನ ಕಾಯುವ ಹುಡುಗ; ಇವರಾರೂ ಬರೆಯುವವರಲ್ಲ. ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬಹುದು. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದ 1949ರಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಕೆ. ಭಾಸ್ಕರನ್ ನಾಯರ್ ಅವರ ದೀರ್ಘ ಪ್ರಬಂಧವೊಂದು ಅಚ್ಚಾಯಿತು. ಕ್ಯಾರಿಡಿನಾ ಕುಲದ ಒಂದು ಜಾತಿಯ ಮೊಟ್ಟೆಯು ಹಂತಹಂತವಾಗಿ ಮರಿಯಾಗುವ ಬಗೆಯನ್ನು ಅದು ವಿವರಿಸುತ್ತದೆ. ಸೀಗಡಿಯ ಭ್ರೂಣವನ್ನು ಕುರಿತ ಶಾಸ್ತ್ರವನ್ನು ಬೆಂಗಳೂರು ಅಚ್ಚುಮಾಡುತ್ತಿದ್ದ ವರ್ಷವೇ ಬೆಂಗಳೂರಿನ ಸೀಗಡಿಯ ನೆಲೆಗಳು ನಕ್ಷೆಯ ಗೆರೆಗಳ ಕೆಳಗೆ ಬರಲು ಆರಂಭವಾಗಿದ್ದವು.

5

ಹೀಗಿರಲು, ಇಂದು ರಾಜಾಜಿನಗರದ ಹವ್ಯಾಸಿ ಸೀಗಡಿಯನ್ನು ಅರಸಿ ಸುಮಾರು 20 ಕಿಲೋಮೀಟರ್ ದೂರದ ಹೆಸರಘಟ್ಟದ ಕಡೆಗೋ, ಇನ್ನೂ ಆಚೆಯ ಹಳ್ಳಿಕೆರೆಗಳಿಗೋ ಹೋಗಬೇಕಾಗಿದೆ. ಸಂಗ್ರಹದ ಕ್ರಮ ಸರಳವಾದದ್ದು. ಜೊಂಡಿನ ಬುಡ, ಮುಳುಗಿದ ಗಿಡಗಳ ನಡು, ತೇಲುವ ಅಂತರಗಂಗೆಯ ಬೇರುಗಳ ಕೆಳಗೆ ಸಣ್ಣ ಕಣ್ಣಿನ ಕೈಬಲೆಯನ್ನು ನಿಧಾನವಾಗಿ ಎಳೆದು, ಬಿಳಿಯ ತಟ್ಟೆಯಲ್ಲಿ ನೀರು ಹಾಕಿ ಬಲೆಯನ್ನು ಬೋರಲು ಹಾಕಿದರೆ, ಗಾಜಿನ ಚೂರಿನಂತಹ ಜೀವಿಗಳು ಹಿಮ್ಮುಖವಾಗಿ ಚಿಮ್ಮುವುದನ್ನು ನೋಡಬಹುದು. ಹೊಟ್ಟೆಯ ಕೆಳಗೆ ಮೊಟ್ಟೆಯ ಗೊಂಚಲನ್ನು ಹೊತ್ತ ಹೆಣ್ಣುಗಳನ್ನು ಅಲ್ಲಿಯೇ ಮರಳಿ ಬಿಡುವುದು ಯುಕ್ತ. ಎಂಟು ಹತ್ತಕ್ಕಿಂತ ಹೆಚ್ಚು ತರುವ ಅಗತ್ಯ ಯಾವ ಮನೆಗೂ ಇಲ್ಲ. ಕೆರೆಗಳ ಮೀನುಗಾರಿಕೆಯ ಹಕ್ಕು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮಕ್ಕೆ ಒಳಪಟ್ಟಿರುವುದರಿಂದ, ಮೀನುಗಾರಿಕೆ ಇಲಾಖೆಯನ್ನೂ, ಗುತ್ತಿಗೆದಾರನಿದ್ದರೆ ಅವನನ್ನೂ ಕೇಳಿ ಅನುಮತಿ ಪಡೆದೇ ಬಲೆ ಇಳಿಸಬೇಕು.

ತರುವಾಗ ನೀರು ಬಿಸಿಯಾಗದಂತೆ ನೋಡಿಕೊಳ್ಳಬೇಕು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ, ಅದೇ ಕೆರೆಯ ಗಿಡದ ಒಂದು ಕಡ್ಡಿಯೊಡನೆ ತಂದರೆ ನೀರು ತಂಪಾಗಿದ್ದು, ಸೀಗಡಿಗಳಿಗೆ ಹಿಡಿದುಕೊಳ್ಳಲು ಆಸರೆಯೂ ಇರುತ್ತದೆ. ತಾಮ್ರದ ಬಿಂದಿಗೆ, ಹಂಡೆಗಳನ್ನು ಸರ್ವಥಾ ಬಳಸಬಾರದು. ಮನುಷ್ಯನಿಗೆ ಪಥ್ಯವಾದ ತಾಮ್ರದ ನೀರು ಸೀಗಡಿಗೆ ವಿಷ. ಮನೆಯ ತೊಟ್ಟಿಯನ್ನು ಕೆಲವು ವಾರಗಳ ಮುಂಚೆಯೇ ಗಿಡಗಳೊಡನೆ ಸಿದ್ಧಪಡಿಸಿಟ್ಟಿದ್ದರೆ, ಅಮೋನಿಯಾವನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲಸುತ್ತವೆ. ಕೊಳಾಯಿ ನೀರಿನ ಕ್ಲೋರಿನನ್ನು ಹೋಗಲಾಡಿಸಿ, ಕೆರೆಯ ನೀರಿಗೆ ಅದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಸೀಗಡಿಯನ್ನು ಒಗ್ಗಿಸಬೇಕು. ಅದು ಆಗಾಗ ಪೊರೆ ಕಳಚುತ್ತದೆ. ಕಳಚಿದ ಹೊಸದರಲ್ಲಿ ಮೈ ಮೆತ್ತಗಿದ್ದು ಅವಿತುಕೊಳ್ಳುತ್ತದೆ. ತೊಟ್ಟಿಯಲ್ಲಿ ಬಿದ್ದ ಬರಿಯ ಪೊರೆಯನ್ನು ಕಂಡು ಸತ್ತಿತೆಂದು ಮರುಗುವುದು ಹೊಸಬರ ಸಾಮಾನ್ಯ ತಪ್ಪು.

ಆದರೆ ಅಷ್ಟು ಶ್ರಮಪಡುವವರು ಕಡಿಮೆ. ಅಂಗಡಿಯಲ್ಲಿ ದೊರೆಯುವ ಕೆಂಪು ತಳಿಯೇ ಹೆಚ್ಚಿನವರ ಆಯ್ಕೆ. ಇದರ ಫಲವಾಗಿ ಒಂದು ವಿಚಿತ್ರ ಸನ್ನಿವೇಶ ಒದಗಿದೆ. ಕೆರೆಯ ನೆಲದ ಮೇಲೆ ಎದ್ದ ಮನೆಯಲ್ಲಿ, ಚೀನಾದ ಮೂಲದ್ದೂ ತೈವಾನಿನಲ್ಲಿ ಬೆಳೆಸಿದ್ದೂ ಆದ ತಳಿಯ ಸೀಗಡಿಯು, 1974ರಿಂದ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಮೂಲಕ ಏರಿಬರುವ ಕಾವೇರಿಯ ನೀರಿನಲ್ಲಿ ಬದುಕುತ್ತಿದೆ. ಅದೇ ಮನೆಯ ಕೆಳಗಿನ ಕಣಿವೆಯಲ್ಲಿ ಹರಿಯುವ ವೃಷಭಾವತಿಯಲ್ಲಿ, ಊರಿನ ಚರಂಡಿಯೂ ಕಾರ್ಖಾನೆಗಳ ಕೊಳೆಯೂ ಸೇರಿರುವುದರಿಂದ, ಯಾವ ಸೀಗಡಿಯನ್ನೂ ಬಿಟ್ಟು ಉಳಿಸುವಂತಿಲ್ಲ.

ಸಾಕಿ ಸಾಕಾದವರು ತೊಟ್ಟಿಯ ಜೀವಿಗಳನ್ನು ಸಮೀಪದ ಕೆರೆಗೆ ಬಿಟ್ಟುಬರುವುದು ಇನ್ನೊಂದು ಅನರ್ಥ. ಅದನ್ನು ದಯೆಯೆಂದು ತಿಳಿಯುವವರು ಹಿಂದಿನ ನಿದರ್ಶನಗಳನ್ನು ನೋಡಬೇಕು. ಸೊಳ್ಳೆಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗಾಂಬೂಸಿಯಾ ಮೀನೂ, 1952ರಲ್ಲಿ ತಂದ ತಿಲಾಪಿಯಾ ಮೀನೂ ಬೇಡವೆಂದರೂ ಹಿಂದಿರುಗಲಿಲ್ಲ. ಚೆರ್ರಿ ಸೀಗಡಿಯ ಜಾತಿಯು ಜರ್ಮನಿ, ಹಂಗೇರಿ, ಪೋಲೆಂಡುಗಳಲ್ಲಿ ಬಿಸಿನೀರು ಸೇರುವ ಹೊಳೆಗಳಲ್ಲಿ ನೆಲೆಯೂರಿರುವುದು ವರದಿಯಾಗಿದೆ. ಅದರ ಮೈಗೆ ಅಂಟಿಕೊಂಡಿರುವ ಸಣ್ಣ ಹುಳುಗಳೂ ಅದರೊಡನೆ ಪ್ರಯಾಣ ಮಾಡುತ್ತವೆ. ನಮ್ಮ ನೀರು ವರ್ಷವೆಲ್ಲ ಬೆಚ್ಚಗಿರುತ್ತದೆ. ದೇಶೀಯ ಕ್ಯಾರಿಡಿನಾಗಳು ಎಲ್ಲೆಲ್ಲಿ ಉಳಿದಿವೆ ಎಂಬ ಲೆಕ್ಕವನ್ನು ಮಾಡುವ ಮೊದಲೇ ಅವುಗಳ ಸ್ಥಾನಕ್ಕೆ ಪರದೇಶದ ಬಂಧು ಬಂದು ಕುಳಿತರೆ, ಆ ಲೆಕ್ಕವನ್ನು ಮುಂದೆ ಯಾರೂ ಮಾಡಲಾರರು.

6

ಮೇಲಿನ ವಿವೇಚನೆಯಿಂದ ಕೆಲವು ಕರ್ತವ್ಯಗಳು ಹೊರಡುತ್ತವೆ. ಸೀಗಡಿಯನ್ನು ಹಿಡಿಯಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳುವುದು ಸುಲಭ. ಆದರೆ ಹಿಡಿದು ನೋಡದವನಿಗೆ ಕೆರೆಯ ಮೇಲೆ ಮಮತೆ ಹುಟ್ಟುವುದು ಕಷ್ಟ. ಹಿಡಿದವನು ಬರೆಯಬೇಕು ಎಂಬುದೇ ನಮ್ಮ ಸೂಚನೆ. ಕೆರೆಯ ಹೆಸರು ಮತ್ತು ಊರಿನವರು ಅದನ್ನು ಕರೆಯುವ ಹೆಸರು. ತೂಬು, ಕೋಡಿ, ಏರಿ, ಹಿನ್ನೀರು ಇವುಗಳಲ್ಲಿ ಯಾವ ಭಾಗ. ದಿನಾಂಕ ಮತ್ತು ವೇಳೆ. ನೀರಿನ ಬಣ್ಣ, ವಾಸನೆ, ಸಾಧ್ಯವಾದರೆ ಉಷ್ಣತೆ. ಬಲೆಯನ್ನು ಎಷ್ಟು ಸಲ ಎಳೆದಾಗ ಎಷ್ಟು ಸೀಗಡಿ ಬಂದವು. ಬಾರದಿದ್ದರೆ ಬರಲಿಲ್ಲ ಎಂಬ ಮಾತು. ಕಡೆಯದು ಎಲ್ಲಕ್ಕಿಂತ ಮುಖ್ಯ. ಇಂದು ಬಂದು, ಹತ್ತು ವರ್ಷದ ಮೇಲೆ ಬಾರದೆ ಹೋದರೆ, ಆ ಎರಡು ಸಾಲುಗಳೇ ಒಂದು ಕೆರೆಯ ಚರಿತ್ರೆಯ ಎರಡು ಶಾಸನಗಳಾಗುತ್ತವೆ.

ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳೂ ಚರಿತ್ರೆಯ ವಿಭಾಗಗಳೂ ಈ ಕಾರ್ಯದಲ್ಲಿ ಕೈಜೋಡಿಸಲು ಅವಕಾಶವಿದೆ. ಮೊದಲನೆಯವರು ಜಾತಿಯನ್ನು ನಿರ್ಣಯಿಸಲಿ. ಎರಡನೆಯವರು ಹಳೆಯ ನಕ್ಷೆ, ಕಂದಾಯ ದಾಖಲೆ, ಶಾಸನಗಳಿಂದ ಕೆರೆಯ ಸರಪಣಿಯನ್ನು ಗುರುತಿಸಲಿ, ಮತ್ತು ಕೂಳಿ ಇಟ್ಟು ಬಲ್ಲ ಹಿರಿಯರು ಇರುವಾಗಲೇ ಅವರ ಮಾತನ್ನು ಬರೆದುಕೊಳ್ಳಲಿ. ಪಶ್ಚಿಮ ಬೆಂಗಳೂರಿನ ಹಳ್ಳಿಗಳಲ್ಲಿ ಹುಟ್ಟಿ, ಅವು ಬಡಾವಣೆಗಳಾದುದನ್ನು ಕಣ್ಣಾರೆ ಕಂಡ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಅವರ ನೆನಪು ಮದ್ಯಸಾರದಲ್ಲಿ ಉಳಿಯುವ ವಸ್ತುವಲ್ಲ.

ಮೇಲೆ ಹೇಳಿದ ಆ ಸೀಸೆಯನ್ನು ಈ ಲೇಖಕನು ಮತ್ತೊಮ್ಮೆ ನೋಡಲು ಹೋದಾಗ ಕಪಾಟು ಅಲ್ಲಿರಲಿಲ್ಲ. ಕಟ್ಟಡವನ್ನು ನವೀಕರಿಸುವಾಗ ಹಳೆಯ ಸೀಸೆಗಳನ್ನು ತೆಗೆದುಹಾಕಿದರೆಂದು ತಿಳಿಯಿತು. ಚೀಟಿಯಲ್ಲಿ ಒಂದು ಕೆರೆಯ ಹೆಸರು ಇದ್ದಿದ್ದರೆ ಅದನ್ನಾದರೂ ಈ ಪುಟದಲ್ಲಿ ಬರೆದು ಉಳಿಸಬಹುದಾಗಿತ್ತು.